ಭತ್ತ ನೋಡುವ ಬೆರಳು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಅನ್ನಕ್ಕೆ ಸಾರು ಕಲಸಿಕೊಂಡು ತಿನ್ನುತ್ತಾರೆ. ಪಕ್ಕದ ಮನೆಯ ಅಣ್ಣಾರು ಮಾತ್ರ ಮೊದಲು ಒಂದಗುಳು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿ, ನನ್ನ ಮುಖ ನೋಡುತ್ತಿದ್ದರು. ಆ ನೋಟ ಬಿತ್ತೆಂದರೆ ನನ್ನ ಅಡುಗೆಯ ಮಾನ ಹೋಯಿತೆಂದೇ ಅರ್ಥ.

"ಟೀಚರಮ್ಮ, ಅಂಗಡಿಯವ್ನು ಇದನ್ನ ಹಳೇ ಅಕ್ಕಿ ಅಂತ ಕೊಟ್ನಾ?"

"ಹೌದ್ರಿ. ಯಾಕ?"

"ಏನಿಲ್ರಿ. ಊಟ ಭಾಳ ರುಚಿ ಐತಿ. ಸುಮ್ನ ಕೇಳ್ದೆ."

ಮಾರನೆಯ ದಿನ ಅವರ ಮನೆಯಿಂದ ಒಂದು ಡಬರಿ ತುಂಬ ಹಳೆಯ ಅಕ್ಕಿ ಬರುತ್ತಿತ್ತು, ಮಾತಿಲ್ಲದೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ತಪ್ಪು ಕಂಡರೆ ಕೆಂಪು ಮಸಿಯಲ್ಲಿ ಗೀಟು ಎಳೆಯದೆ ಕೈ ಸುಮ್ಮನಿರದು. ಅಣ್ಣಾರ ಈ ನಯ ನನಗೆ ಒಮ್ಮೆ ಸೊಗಸು, ಒಮ್ಮೆ ಮೈ ಉರಿ.

ಅವರ ಹೆಸರು ಬರೆಯುವುದಿಲ್ಲ. ಕಂಪ್ಲಿ ಸುತ್ತ ಭತ್ತ ಬೆಳೆಯುವವರಿಗೆ ಇಷ್ಟಕ್ಕೇ ಯಾರೆಂದು ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ತೆಗೆದುಕೊಂಡು ಏನಾಗಬೇಕು?

ಅವರ ಕೆಲಸಕ್ಕೂ ಒಂದು ಸರಿಯಾದ ಹೆಸರಿರಲಿಲ್ಲ. ಎಮ್ಮಿಗನೂರಿನ ಕಡೆಯಿಂದ ಭತ್ತ ತುಂಬಿದ ಟ್ರ್ಯಾಕ್ಟರ್ ಬಂದು ಮಿಲ್ಲಿನ ಮುಂದೆ ನಿಂತರೆ ಇವರು ಚೂಪಾದ ಕೊಳವೆಯೊಂದನ್ನು ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಿದ್ದರು. ಅಂಗೈಯಲ್ಲಿ ಹರವಿ, ಹೆಬ್ಬೆರಳಿನಿಂದ ತಿಕ್ಕಿ, ಹೊಟ್ಟು ಊದಿ, ಕೊನೆಗೆ ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಟ್ಟೆನ್ನಿಸುವರು. ಅಷ್ಟರಲ್ಲಿ ಭತ್ತದಲ್ಲಿ ತೇವ ಎಷ್ಟಿದೆ, ಇಡೀ ಅಕ್ಕಿ ಎಷ್ಟು ಬರುತ್ತದೆ, ನುಚ್ಚು ಎಷ್ಟಾಗುತ್ತದೆ ಎಲ್ಲ ತಿಳಿದಿರುತ್ತಿತ್ತು. ಮಿಲ್ಲಿನ ಸಾಹುಕಾರರು ಒಮ್ಮೆ ತೇವ ನೋಡುವ ಮಷೀನು ತರಿಸಿದರು. ಅಣ್ಣಾರು ಅದನ್ನು "ಆ ಡಬ್ಬಿ" ಎನ್ನುತ್ತಿದ್ದರು. ಡಬ್ಬಿಯ ಮಾತೂ ತಮ್ಮ ಮಾತೂ ಒಂದೇ ಆದ ದಿನ "ಅಡ್ಡಿಯಿಲ್ಲ, ಕಲಿಯಾಕತ್ತೈತಿ" ಎಂದು ಅದರ ಬೆನ್ನು ತಟ್ಟುವರು. ಬರಬರುತ್ತ ಅದರ ಸೆಲ್ ಬದಲಿಸುವುದನ್ನೂ ಜನ ಬಿಟ್ಟರು.

ಭತ್ತ ಹಸಿಯಿದ್ದರೂ ಅವರು "ಹಸಿ ಐತಿ, ವಾಪಸ್ ಒಯ್ರಿ" ಎಂದದ್ದನ್ನು ಯಾರೂ ಕೇಳಿಲ್ಲ. ರೈತನನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ಅವನ ಎತ್ತು, ಅವನ ಮೊಮ್ಮಗ, ಕಾಲುವೆ ನೀರು ಎಲ್ಲ ವಿಚಾರಿಸಿದ ಮೇಲೆ, "ಬಂಗಾರದಂಥ ಭತ್ತ. ಇನ್ನೆರಡು ಬಿಸಿಲು ತೋರಿಸಿಬಿಡ್ರಿ" ಎನ್ನುವರು. ವಾಪಸ್ ಕಳಿಸಿದರೆಂಬುದು ರೈತನಿಗೆ ಗೊತ್ತಾಗುವ ಹೊತ್ತಿಗೆ ಟ್ರ್ಯಾಕ್ಟರ್ ಅರ್ಧ ದಾರಿ ಹೋಗಿರುತ್ತಿತ್ತು.

ಇಂಥವರ ಮನೆ ಬಾಗಿಲಿಗೆ ಕ್ಯಾನ್ಸರ್ ಬಂದರೂ "ಬರ್ರಿ, ಕುಂದ್ರಿ" ಎಂದೇ ಮಾತಾಡಿಸುತ್ತಾರೆಂದು ನಾನು ತಮಾಷೆಗೂ ಅಂದುಕೊಂಡಿರಲಿಲ್ಲ. ಅವರು ಮಾಡಿದ್ದು ಅದನ್ನೇ.

ದೊಡ್ಡ ಕರುಳಿನಲ್ಲಿ ಶುರುವಾದದ್ದು ಕಂಡುಬರುವ ಹೊತ್ತಿಗೆ ಲಿವರಿಗೂ ಹಬ್ಬಿತ್ತು. ಹೊಸಪೇಟೆಯ ಒಂದು ಆಸ್ಪತ್ರೆಗೆ ವಾರದಲ್ಲಿ ಎರಡು ದಿನ ಬರುತ್ತಿದ್ದ ಡಾಕ್ಟರಮ್ಮನ ಹತ್ತಿರ ತೋರಿಸುವುದೆಂದಾಯಿತು. ಮೈಸೂರು ಕಡೆಯ ಹುಡುಗಿ, ಅಣ್ಣಾರ ಮಗಳ ವಯಸ್ಸು. "ಓದಿದವ್ರು ಒಬ್ರು ಜೊತಿಗಿರ್ಲಿ ಟೀಚರಮ್ಮ" ಎಂದು ಅತ್ತಿಗೆಮ್ಮ ಕೇಳಿದ್ದರಿಂದ ನಾನೂ ಹೊರಟೆ. ಅಣ್ಣಾರ ಹೆಂಡತಿಯನ್ನು ನಾನು ಕರೆಯುತ್ತಿದ್ದದ್ದು ಹಾಗೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಅಣ್ಣಾರು, ನಡುವೆ ಅತ್ತಿಗೆಮ್ಮ, ಈಚೆ ಫೈಲು ಹಿಡಿದ ನಾನು. ಕಮಲಾಪುರ ದಾಟುವವರೆಗೂ ಅಣ್ಣಾರು ಎರಡೂ ಬದಿಯ ಗದ್ದೆಗಳಿಗೆ ಮಾರ್ಕು ಹಾಕುತ್ತ ಬಂದರು.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಇದನ್ನ ಪೂರ್ತಿ ಗುಣ ಮಾಡೋಕೆ ಆಗಲ್ಲ ಯಜಮಾನ್ರೇ. ಔಷಧಿ ಕೊಟ್ಟರೆ ಬೆಳೆಯೋದನ್ನ ಸ್ವಲ್ಪ ಕಾಲ ತಡೀಬಹುದು. ನೋವು ಕಡಿಮೆ ಆಗಬಹುದು. ಎಷ್ಟು ಕಾಲ ಅಂತ ನಿಮ್ಮೊಬ್ಬರ ವಿಷಯದಲ್ಲಿ ಹೇಳೋಕೆ ನನಗೆ ಬರಲ್ಲ."

ಅತ್ತಿಗೆಮ್ಮ ಸೆರಗು ಬಾಯಿಗೆ ಹಿಡಿದರು. ಅಣ್ಣಾರು ಮಾತ್ರ ಮಿಲ್ಲಿನ ಬೆಂಚಿನ ಮೇಲೆ ಕೂತವರಂತೆ ಮುಂದಕ್ಕೆ ಬಾಗಿದರು.

"ಆತ್ರೀ ಡಾಕ್ಟ್ರಮ್ಮ. ಇಡೀ ಅಕ್ಕಿ ಎಷ್ಟು ಬರ್ತತಿ ಅಂತ ಹೇಳಿದ್ರಿ. ನುಚ್ಚೆಷ್ಟು, ಹೊಟ್ಟೆಷ್ಟು, ಅದನ್ನೂ ಹೇಳ್ರಿ."

ಆಕೆಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ: ಔಷಧಿಯಿಂದ ಏನೇನು ತೊಂದರೆ ಎಂದು ಕೇಳುತ್ತಿದ್ದಾರೆ. ಆಗ ಆಕೆ ಒಂದೊಂದಾಗಿ ಹೇಳಿದಳು. ವಾಂತಿ, ಸುಸ್ತು, ಬಾಯಿಹುಣ್ಣು. ಮಾತ್ರೆಯ ಜೊತೆಗೆ ಮೂರು ವಾರಕ್ಕೊಮ್ಮೆ ಹಾಕುವ ಡ್ರಿಪ್ಪಿನಿಂದ ಕೈಕಾಲಿನ ಬೆರಳು ಜೋಮು ಹಿಡಿಯಬಹುದು, ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದಂತಾಗಬಹುದು. "ಪ್ರತಿ ಸಲ ಬಂದಾಗ ನನಗೆ ಹೇಳ್ಬೇಕು. ಹೇಳಿದ್ರೆ ಡೋಸ್ ಕಡಿಮೆ ಮಾಡ್ತೀನಿ, ಬೇಕಾದ್ರೆ ನಿಲ್ಲಿಸ್ತೀನಿ. ಲಾಭಕ್ಕಿಂತ ತೊಂದರೆ ಹೆಚ್ಚಾಗಬಾರದಲ್ವಾ?"

ಅಣ್ಣಾರು ಗೋಣು ಹಾಕಿದರು. ಫೈಲಿನಲ್ಲಿ ಉದ್ಯೋಗದ ಮುಂದೆ "ರೈಸ್ ಮಿಲ್ ಕೆಲಸ" ಎಂದು ಬರೆದಿತ್ತು. ಡಾಕ್ಟರಮ್ಮ ಅದನ್ನು ಮೂಟೆ ಹೊರುವ ಕೆಲಸವೆಂದುಕೊಂಡು "ಇನ್ಮೇಲೆ ಭಾರ ಎತ್ತಬೇಡಿ" ಎಂದಳು. "ಆಗ್ಲಿ ತಾಯಿ" ಎಂದರು ಅಣ್ಣಾರು. ಜನ್ಮದಲ್ಲಿ ಒಂದು ಮೂಟೆಯನ್ನೂ ಎತ್ತದ ಮನುಷ್ಯ! ತಿದ್ದಬೇಕಾಗಿದ್ದ ನಾನೂ ನಗು ತಡೆದುಕೊಂಡು ಸುಮ್ಮನಾದೆ.

ಮುಂದಿನ ಸಲದಿಂದ ಶುರುವಾಯಿತು ನೋಡಿ ನಾಟಕ.

"ಹೇಗಿದ್ದೀರಾ ಯಜಮಾನ್ರೇ?"

"ಆರಾಮ್ರಿ ಡಾಕ್ಟ್ರಮ್ಮ. ನೀವು ಆರಾಮ?"

"ನಾನು ಚೆನ್ನಾಗಿದ್ದೀನಿ. ಕೈ ಜೋಮು ಏನಾದ್ರೂ?"

"ಏ, ಅಂಥಾದ್ದೇನಿಲ್ರಿ. ಮನ್ಯಾಗ ಎಲ್ಲಾರೂ ಆರಾಮ? ಅಪ್ಪಾರು, ಅಮ್ಮಾರು?"

ಆಕೆ ನಕ್ಕು ಬರೆದುಕೊಳ್ಳುವಳು. ಈ ಕಡೆ ಯಾರೇ "ಹೆಂಗದೀರಿ" ಎಂದರೂ ಆರಾಮ ಎನ್ನುವುದು ರೂಢಿ. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಜಗಳವಿರಲಿ, ಮೊದಲು ಆರಾಮ, ಆಮೇಲೆ ಉಳಿದದ್ದು. ಆದರೆ ಉಳಿದದ್ದು ಬರುವವರೆಗೆ ಕಾಯುವುದು ಈ ಕಡೆಯವರಿಗೆ ಗೊತ್ತು. ಮೈಸೂರಿನ ಹುಡುಗಿಗೆ ಹೇಗೆ ಗೊತ್ತಾಗಬೇಕು? ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

ಹೊರಗೆ ಬಂದ ಮೇಲೆ ಬೇರೆಯೇ ಆಟ. ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ ಕೊಟ್ಟರೆ ಟವೆಲ್ಲಿನಲ್ಲಿ ಸುತ್ತಿ ಹಿಡಿಯುತ್ತಿದ್ದರು. ಟಿಕೆಟ್ಟನ್ನು ಕಂಡಕ್ಟರ್ ಕೈಗಿಟ್ಟರೆ ಅದು ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಮಿರ್ಚಿ ಮಂಡಕ್ಕಿ ಕಂಡರೆ ಬಸ್ಸನ್ನೇ ಬಿಡುತ್ತಿದ್ದ ಮನುಷ್ಯ ಬಾಯಿಹುಣ್ಣಿನಿಂದ ಬಾಳೆಹಣ್ಣಿಗೂ ಮುಖ ಕಿವುಚುತ್ತಿದ್ದರು. ಮಿಲ್ಲಿನಲ್ಲಿ ಕಾಳನ್ನು ಹಲ್ಲಿಗಿಟ್ಟು ನೋಡುವುದೂ ನಿಂತಿತ್ತು.

"ಅಣ್ಣಾರ, ಒಳಗ ಯಾಕ ಹೇಳ್ಲಿಲ್ಲ?" ಎಂದು ನಾನು ಒಮ್ಮೆ ರೇಗಿದೆ.

"ಅಲ್ರೀ, ಮಗಳಂಗದಾಳ. ಅಷ್ಟು ಕಾಳಜಿ ಮಾಡಿ ಔಷಧ ಕೊಡ್ತಾಳ. ನಿನ್ನ ಔಷಧ ನಂಗ ಒಗ್ಗವಲ್ದು ಅಂತ ಮುಖಕ್ಕ ಹೊಡ್ದಂಗ ಹೆಂಗ ಹೇಳ್ಲಿ?" ಆಮೇಲೆ ದನಿ ಇಳಿಸಿ, ಅತ್ತಿಗೆಮ್ಮ ಕೇಳದಂತೆ, "ಹೇಳಿದ್ರ ನಿಲ್ಲಿಸಿಬಿಡ್ತಾಳ. ನಿಲ್ಲಿಸಿದ್ರ ಈಕಿ ಹೆದರ್ತಾಳ" ಎಂದರು.

ಕೆಂಪು ಮಸಿಯ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರ ಮೈ, ಅವರೇ ಹೇಳಲಿ ಎಂದುಕೊಂಡೆ. ಅದು ಮರ್ಯಾದೆಯಲ್ಲ, ಹೇಡಿತನ. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿದೆ.

ಆರನೆಯ ಡ್ರಿಪ್ ಆದ ಮೇಲಿನ ವಾರ ನಾನು ಅಕ್ಕಿ ತರಲು ಮಿಲ್ಲಿಗೆ ಹೋಗಿದ್ದೆ. ಸುಗ್ಗಿಯ ಕಾಲ, ಅಂಗಳದ ತುಂಬ ಚೀಲಗಳ ಅಟ್ಟಿ. ಸಾಹುಕಾರರು ಅಣ್ಣಾರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ತಂದೆಯ ಕಾಲದಿಂದ ನೋಡಿದ್ದರಿಂದ ಮಾಮಾ ಎನ್ನುತ್ತಿದ್ದರು. ಅವರು ಒಂದು ಅಟ್ಟಿಯ ಮುಂದೆ ನಿಂತು ಮೂಗು ಅರಳಿಸುತ್ತಿದ್ದರು. ಹುಳಿ ವಾಸನೆ ನನಗೂ ಬಡಿಯಿತು. ಚೀಲದ ಬಾಯಿ ಬಿಚ್ಚಿಸಿ ಒಳಗೆ ಕೈ ಹಾಕಿದವರು ಸುಟ್ಟುಕೊಂಡವರಂತೆ ಹಿಂದಕ್ಕೆ ಎಳೆದುಕೊಂಡರು.

"ಮಾಮಾ, ಒಳಗ ಕಾದು ಹೋಗೇತಲ್ಲೋ! ಹಸಿ ಭತ್ತ ಐತಿ ಇದು. ಯಾರು ಪಾಸ್ ಮಾಡಿದ್ರು?"

ಪಾಸ್ ಮಾಡುವವರು ಆ ಮಿಲ್ಲಿನಲ್ಲಿ ಒಬ್ಬರೇ ಎಂದು ನೆನಪಾದದ್ದು ಮಾತು ಮುಗಿದ ಮೇಲೆ. ಅಣ್ಣಾರು ಹತ್ತಿರ ಬಂದು ಮೊಣಕೈವರೆಗೆ ಕೈ ಇಳಿಸಿದರು. ಹಸಿ ಭತ್ತ ಅಟ್ಟಿಯಲ್ಲಿ ಕುಳಿತರೆ ಒಳಗೊಳಗೇ ಬೇಯುತ್ತದೆ, ಕಾಳು ಹಳದಿಯಾಗುತ್ತದೆ. ಆ ಬಿಸಿ ಎಳೆಗೂಸಿಗೂ ತಿಳಿಯುವಂಥದ್ದು. ಅವರು ಕೈಯನ್ನು ಒಳಗೇ ಇಟ್ಟುಕೊಂಡು ನಿಂತರು. ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಮೊಣಕೈಯ ಹತ್ತಿರ ಬಿಸಿ ತಾಗಿತೇನೋ, ಅದನ್ನೊಮ್ಮೆ ನೋಡಿದರು, ಆಮೇಲೆ ಕೈ ತೆಗೆದು ಬೆರಳುಗಳನ್ನು ನೋಡಿದರು.

"ನಂಗ ಗೊತ್ತಾಗವಲ್ದಪಾ" ಎಂದರು. ಅಷ್ಟೇ.

ಸಾಹುಕಾರರು ದೊಡ್ಡ ಮನಸ್ಸಿನವರು. "ಹೋಗ್ಲಿ ಬಿಡು ಮಾಮಾ, ಹರವಿ ಒಣಗಿಸಿದ್ರಾತು" ಎಂದು ಆಳುಗಳನ್ನು ಕರೆದರು. ಬೈದಿದ್ದರೆ ವಾಸಿಯಿತ್ತು. ಅಣ್ಣಾರು ಬೆಂಚಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ನಾನು ಅಕ್ಕಿ ಮರೆತು ಮನೆಗೆ ಬಂದೆ. ದಾರಿಯಲ್ಲಿ ಅತ್ತೆ.

ಮುಂದಿನ ಸಲ ಡಾಕ್ಟರಮ್ಮ "ಹೇಗಿದ್ದೀರಾ" ಎಂದಾಗ ಅವರ ಬಾಯಿಂದ ಅಭ್ಯಾಸದಂತೆ "ಆರಾ..." ಎನ್ನುವಷ್ಟು ಬಂತು. ನಾನು ತರಗತಿಯ ದನಿಯಲ್ಲಿ "ಅಣ್ಣಾರ!" ಎಂದೆ. ಅವರು ನಿಲ್ಲಿಸಿದರು. ಆಮೇಲೆ ಎಲ್ಲವನ್ನೂ ಹೇಳಿದರು: ಜೋಮು, ಹುಣ್ಣು, ತಣ್ಣೀರು, ಬೇಯುವ ಚೀಲದೊಳಗೆ ಕೈ ಇಟ್ಟದ್ದು.

ಡಾಕ್ಟರಮ್ಮ ಅವರ ಕಣ್ಣು ಮುಚ್ಚಿಸಿ ಬೆರಳುಗಳ ನಡುವೆ ಒಂದು ಬಟಾಣಿಯಷ್ಟು ಹತ್ತಿ ಇಟ್ಟಳು, ಆಮೇಲೆ ಕಾಗದಕ್ಕೆ ಹಾಕುವ ಕ್ಲಿಪ್ಪು, ಆಮೇಲೆ ತನ್ನ ಪೆನ್ನಿನ ಮುಚ್ಚಳ. ಇವರಿಗೆ ಮುಚ್ಚಳದ ಗುರುತು ಮಾತ್ರ ಸಿಕ್ಕಿತು. ಭತ್ತ ನೋಡುವ ಕೆಲಸ ಎಂದರೇನೆಂದು ಆವತ್ತು ನಾನು ಆಕೆಗೆ ವಿವರಿಸಿದೆ. ಆಕೆ ಪೆನ್ನು ಕೆಳಗಿಟ್ಟಳು. ಕೋಪ ಬಂದಿತ್ತು.

"ನಾಲ್ಕು ತಿಂಗಳಿಂದ ನಿಮ್ಮ ಮಾತು ನಂಬಿ ಪೂರ್ತಿ ಡೋಸ್ ಕೊಟ್ಟಿದ್ದೀನಿ. ಮೂರನೇ ಸಲಕ್ಕೇ ಹೇಳಿದ್ದಿದ್ರೆ ಅಲ್ಲೇ ಇಳಿಸ್ತಿದ್ದೆ. ಈಗ ನಿಲ್ಲಿಸಿದ್ರೂ ಬೆರಳು ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ. ನಾನೂ ಸರಿಯಾಗಿ ಕೇಳಲಿಲ್ಲ, ಅದು ನನ್ನ ತಪ್ಪು." ಆಮೇಲೆ ಸ್ಕ್ಯಾನಿನ ಕಾಗದ ತಿರುವಿ, "ಕಷ್ಟ ಏನು ಗೊತ್ತಾ? ಔಷಧಿ ಕೆಲಸ ಮಾಡ್ತಿದೆ. ಗಡ್ಡೆ ಸ್ವಲ್ಪ ಕುಗ್ಗಿದೆ" ಎಂದಳು.

ಅತ್ತಿಗೆಮ್ಮ ಆಸ್ಪತ್ರೆಯೊಳಗೆ ಬಾಯಿ ಬಿಟ್ಟದ್ದು ಅವತ್ತೇ ಮೊದಲು. "ಬೆರಳು ಹೋದ್ರ ಹೋಗ್ಲಿ ತಾಯಿ. ಇವ್ರು ಇದ್ರ ಸಾಕು. ನಿಲ್ಲಿಸಬ್ಯಾಡ್ರಿ."

"ಬೆರಳಿಲ್ದ ಇದ್ದು ನಾ ಏನ್ ಮಾಡ್ಲೇ?" ಎಂದರು ಅಣ್ಣಾರು.

"ನನ್ನ ಮುಂದ ಕುಂದ್ರಿ! ಅಷ್ಟು ಮಾಡ್ರಿ!"

ಇಬ್ಬರೂ ಜಗಳವಾಡಿದ್ದನ್ನು ನಾನು ನೋಡಿದ್ದೂ ಅವತ್ತೇ ಮೊದಲು. ಯಾರ ಕಡೆ ನಿಲ್ಲಬೇಕೋ ತಿಳಿಯಲಿಲ್ಲ. ಒಬ್ಬರಿಗೆ ಎಷ್ಟು ದಿನ ಎಂಬುದು ಮುಖ್ಯ, ಇನ್ನೊಬ್ಬರಿಗೆ ಎಂಥ ದಿನ ಎಂಬುದು. ಡಾಕ್ಟರಮ್ಮ ನಡುವೆ ಒಂದು ದಾರಿ ಹುಡುಕಿದಳು. ಡ್ರಿಪ್ ನಿಲ್ಲಿಸುವುದು, ಮಾತ್ರೆಯನ್ನಷ್ಟೇ ಮುಂದುವರಿಸುವುದು. ತಡೆಯುವ ಬಲ ಸ್ವಲ್ಪ ಕಡಿಮೆಯಾಗಬಹುದು, ಬೆರಳಿಗೆ ಬಿಡುವು ಸಿಗುತ್ತದೆ. ಅಣ್ಣಾರು ಹೆಂಡತಿಯ ಮುಖ ನೋಡಿದರು. ಅತ್ತಿಗೆಮ್ಮ ಗೋಡೆ ನೋಡಿದರು. ಅದನ್ನೇ ಒಪ್ಪಿಗೆ ಎಂದುಕೊಂಡೆವು.

ಖರೇ ಹೇಳುವುದನ್ನು ಕಲಿತ ಮೇಲೆ ಅಣ್ಣಾರನ್ನು ಹಿಡಿಯುವವರಿರಲಿಲ್ಲ. ಅರವತ್ತು ವರ್ಷ ತಡೆದಿಟ್ಟದ್ದು ಒಮ್ಮೆಲೇ ತೂಬು ಕಿತ್ತು ಹರಿಯಿತು. ಡಾಕ್ಟರಮ್ಮನ ಮುಂದೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಸಲ ಬಯಲಿಗೆ ಹೋದೆ, ಬಣ್ಣ ಯಾವುದು, ಗಟ್ಟಿಯೋ ನೀರೋ, ಎಲ್ಲ ಭತ್ತದ ತಳಿ ವಿವರಿಸುವ ಶ್ರದ್ಧೆಯಿಂದ ಒಪ್ಪಿಸುವರು. "ಸಾಕು ಯಜಮಾನ್ರೇ, ಸಾಕು" ಎಂದು ಆಕೆ ಕೈ ಮುಗಿಯುವಳು. ಓಣಿಯಲ್ಲಿ ಯಾರಾದರೂ ಮರೆತು "ಹೆಂಗದೀರಿ" ಎಂದರೆ ಅವರ ಬಸ್ಸು ತಪ್ಪಿತೆಂದೇ ಲೆಕ್ಕ. ಕೊನೆಗೆ ಜನ ಇವರನ್ನು ಕಂಡರೆ "ಮಳೆ ಬರೂ ಹಂಗೈತಲ್ರಿ" ಎಂದು ಮಾತು ಶುರು ಮಾಡತೊಡಗಿದರು. ಬಿರುಬೇಸಿಗೆಯಲ್ಲೂ.

ನನ್ನ ಮನೆಯ ಊಟದ ಮೇಲೂ ಈ ಖರೇತನ ಬಿತ್ತು. "ಟೀಚರಮ್ಮ, ಈ ಅನ್ನ ದನಕ್ಕ ಹಾಕ್ರಿ" ಎಂದರು ಒಂದು ದಿನ. ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಸಲ ಬಡಿಸಿದೆ.

ಮಾತ್ರೆಯ ಮೇಲೆ ಎಂಟು ತಿಂಗಳು ಚೆನ್ನಾಗಿ ನಡೆಯಿತು. ಬೆರಳು ಮೊದಲಿನಂತಾಗಲಿಲ್ಲ, ಸತ್ತೇ ಹೋಗಲೂ ಇಲ್ಲ. ಮಿಲ್ಲಿಗೆ ಹೋಗಿ ಡಬ್ಬಿಗೆ ಹೊಸ ಸೆಲ್ ಹಾಕಿಸಿದರು. ಮೊದಲು ತಾವು ನೋಡುವುದು, ಆಮೇಲೆ ಡಬ್ಬಿಯನ್ನು ಕೇಳುವುದು. ತಾವು ತಪ್ಪಿದ ದಿನ ಅದನ್ನೂ ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಹೇಳುವುದು.

ಆಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿತ್ತು. ಡಾಕ್ಟರಮ್ಮ ಬೇರೆ ಔಷಧಿಯ ಮಾತು ಎತ್ತಿದಳು. ಬೆರಳಿಗೆ ಅಷ್ಟು ತೊಂದರೆಯಿಲ್ಲ, ಹೊಟ್ಟೆ ಮಾತ್ರ ಬಹಳ ಕೆಡಬಹುದು, ನಿತ್ರಾಣ ಹೆಚ್ಚು. ಸಿಗುವ ಕಾಲ ಮೊದಲ ಸಲಕ್ಕಿಂತ ಕಡಿಮೆಯೇ ಇರಬಹುದು ಎಂದಳು. ತೆಗೆದುಕೊಳ್ಳದಿದ್ದರೂ ನೋವಿಗೆ, ನಿದ್ದೆಗೆ ಔಷಧಿ ಕೊಡುತ್ತ ತಾನು ಜೊತೆಗಿರುತ್ತೇನೆ ಎಂದೂ ಹೇಳಿದಳು.

"ಎರಡು ಸಲ ತಗೊಂಡು ನೋಡ್ತೀನ್ರಿ. ಸ್ಯಾಂಪಲ್ ನೋಡ್ದ ಲೋಡ್ ಇಳಿಸ್ಕಳಾಕ ಆಗಲ್ಲ" ಎಂದರು ಅಣ್ಣಾರು. ಈ ಸಲ ಆಕೆಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಎರಡು ಸಲ ತೆಗೆದುಕೊಂಡರು. ಎರಡನೆಯದು ಆದ ಮೇಲೆ ಹನ್ನೊಂದು ದಿನ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ. ಹನ್ನೆರಡನೆಯ ದಿನ ಎದ್ದು ಕೂತು, ನನ್ನನ್ನು ಕರೆಸಿ, ಹೆಂಡತಿಯ ಎದುರೇ ಹೇಳಿದರು: "ಡಾಕ್ಟ್ರಮ್ಮಗ ಫೋನ್ ಹಚ್ರಿ ಟೀಚರಮ್ಮ. ಇದ್ರಾಗ ಬರೇ ಹೊಟ್ಟು ಐತಿ. ನಂಗ ಬ್ಯಾಡ." ಅತ್ತಿಗೆಮ್ಮ ಮೂರು ದಿನ ಅವರ ಜೊತೆ ಮಾತು ಬಿಟ್ಟರು. ಊಟ ಇಡುವರು, ಕಾಲು ಒತ್ತುವರು, ಮಾತಿಲ್ಲ. ನಾಲ್ಕನೆಯ ದಿನ ಅತ್ತಿಗೆಮ್ಮನೇ ಸೋತು ಮಾತಾಡಿಸಿದರು.

ಔಷಧಿ ಬಿಟ್ಟ ಮೇಲೆ ಅಣ್ಣಾರು ಹತ್ತು ವಾರ ಇದ್ದರು. ಬಿಡದಿದ್ದರೆ ಇನ್ನೂ ಇರುತ್ತಿದ್ದರೋ, ಇಷ್ಟೂ ಇರುತ್ತಿರಲಿಲ್ಲವೋ, ವಿಜ್ಞಾನ ಹೇಳಿಕೊಟ್ಟ ನನಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಹೊಟ್ಟೆ ಸುಧಾರಿಸಿತು, ಮೂರು ಸಲ ಮಿಲ್ಲಿಗೆ ಹೋಗಿ ಬಂದರು. ಒಂದು ಮಧ್ಯಾಹ್ನ ಅಂಗಳದ ಮಂಚದ ಮೇಲೆ, ಮಗಳು ಅಳಿಯ ಎಲ್ಲ ಇರುವಾಗ, ಹೋದರು.

ಕಾರ್ಯವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ನಾನು ಅತ್ತಿಗೆಮ್ಮನ ಹತ್ತಿರ ಹೋಗಿ ಕೂತೆ. ಅವರು ನನ್ನನ್ನು ನೋಡದೆ ಕೇಳಿದರು.

"ಆವತ್ತು ಬೆರಳು ಹೋದ್ರ ಹೋಗ್ಲಿ ಅಂದ್ನಲ್ಲ, ತಪ್ಪಾತಾ ಟೀಚರಮ್ಮ?"

"ಇಲ್ಲ ಅತ್ತಿಗೆಮ್ಮ. ನೀವು ಬ್ಯಾರೆ ಏನ್ ಅನ್ಬೇಕಿತ್ತು?"

"ಬೆರಳು ಜೋಮು ಹಿಡದಾಗ ಅಂಗಿ ಗುಂಡಿ ಹಾಕ್ಕಳಾಕ ಬರ್ತಿದ್ದಿಲ್ಲ ಅವ್ರಿಗೆ. ಯಾರಿಗೂ ಹೇಳಬ್ಯಾಡ ಅಂದಿದ್ರು. ಮುಂಜಾನಿ ನಾನ ಹಾಕಿ ಕಳಿಸ್ತಿದ್ದೆ. ಲಗ್ನ ಆಗಿ ಮೂವತ್ತೆಂಟು ವರ್ಷ, ಅವ್ರು ಹಂಗ ನನ್ನ ಮುಂದ ಸುಮ್ನ ನಿಂತಿದ್ದ ಇಲ್ಲ. ಎದ್ರ ಮಿಲ್ಲು, ಬಂದ್ರ ನಿದ್ದಿ." ಅವರು ಮೂಗು ಒರೆಸಿಕೊಂಡರು. "ಡ್ರಿಪ್ ನಿಲ್ಲಿಸಿ ಆರು ತಿಂಗಳಿಗೆ ಒಂದಿನ ನೋಡ್ತೀನಿ, ಕಟ್ಟಿ ಮ್ಯಾಲೆ ಕುಂತು ಹುರಿದ ಶೇಂಗಾದ ಸಿಪ್ಪಿ ಒಂದೊಂದ ಸುಲಿಯಾಕತ್ತಾರ. ಆ ತೆಳ್ಳನ ಸಿಪ್ಪಿ! ಗುಂಡಿ ಹಾಕಾಕ ಬರದ ಬೆರಳಲ್ಲ ಅವು."

"ಮತ್ತ?"

"ಮತ್ತೇನು, ಮರುದಿನ ಮುಂಜಾನಿ ಅಂಗಿ ತೊಟ್ಕಂಡು ಬಂದು ನನ್ನ ಮುಂದ ನಿಂತ್ರು. ನಾನೂ ಕೇಳ್ಲಿಲ್ಲ. ಹೋಗೂ ತನಕ ಹಂಗ ನಿಂತ್ರು. ಐದ ಗುಂಡಿ ಟೀಚರಮ್ಮ. ನಾನು ನಿಧಾನಕ್ಕ ಹಾಕ್ತಿದ್ದೆ."